ಒಂದು ಎನ್ ಕಡಿಮೆ

ಸಾಂಗ್ಲಿಯ ರೋಟರಿಯವರು ಒಂಬತ್ತು ದಿನಕ್ಕೆ
ಫಿಲಡೆಲ್ಫಿಯಾಕ್ಕೆ ಕಳಿಸಿದ್ದರಲ್ಲ,
ಬಂದ ಸೋಮವಾರ ಐದನೆಯ ವರ್ಗ
ಪಾಟಿಚೀಲ ಬಿಚ್ಚಲೇ ಇಲ್ಲ.
"ಬಾಯೋರ, ಮೊದಲ ಹೇಳ್ರಿ, ಏನ್ ತಿಂದ್ರಿ?"

ತಿಂದದ್ದು ಹೇಳಿದೆ.
ಬೀದಿಯ ಗಾಡಿಯಲ್ಲಿ ಪ್ರೆಟ್ಜೆಲ್ ಅಂತ ಮಾರುತ್ತಾರೆ,
ದಪ್ಪ ಹಗ್ಗದಂಥ ಕಂದು ಬ್ರೆಡ್ಡು, ಮೇಲೆ ಹರಳುಪ್ಪು.
ಆಕಾರ ಹೇಗೆ ಅಂದರೆ,
ಲಾಯಪ್ಪ, ಎದ್ದು ನಿಲ್ಲು.
ಎಡಗೈಯಿಂದ ಬಲಗಿವಿ ಹಿಡಿ, ಬಲಗೈಯಿಂದ ಎಡಗಿವಿ.
ಹಾಂ, ಹಾಗೆ.
ಬಸ್ಕಿ ಹೊಡೆಯುವ ಮುಂಚಿನ ಲಾಯಪ್ಪನನ್ನು
ಒಲೆಯಲ್ಲಿ ಸುಟ್ಟರೆ ಹೇಗೋ ಹಾಗೆ.
ವರ್ಗವೆಲ್ಲ ನಕ್ಕಿತು. ಲಾಯಪ್ಪ ಕಿವಿ ಬಿಡಲಿಲ್ಲ.

ಸೂರಿನ ಕೆಳಗೊಂದು ದೊಡ್ಡ ಸಂತೆ,
ಹಿಂದೆ ಅದರ ನೆತ್ತಿಯ ಮೇಲೆ ರೈಲು ಬಂದು ನಿಲ್ಲುತ್ತಿತ್ತಂತೆ.
ಮಾಂಸ ಬಿಟ್ಟು ಕೊಡ್ರಿ ಅಂದದ್ದಕ್ಕೆ
ಉದ್ದ ಬ್ರೆಡ್ಡಿನಲ್ಲಿ ಹುರಿದ ಉಳ್ಳಾಗಡ್ಡಿ, ಚೀಸು ತುಂಬಿ
ಕನಿಕರದಿಂದ ನೋಡಿ ಕೊಟ್ಟ.
ಚೀಲದಲ್ಲಿ ಶೇಂಗಾ ಚಟ್ನಿ ಇತ್ತು. ಬದುಕಿಕೊಂಡೆ.

ಪಕ್ಕದ ಅಂಗಡಿಯಲ್ಲಿ ಬಿಳಿ ಕುಲಾವಿಯ ಹುಡುಗಿ.
ಕುದುರೆಗಾಡಿಯ ಜನವಂತೆ, ಮನೆಯಲ್ಲಿ ಕರೆಂಟಿಲ್ಲವಂತೆ.
ಗಿರಾಕಿಗೆ ಇಂಗ್ಲಿಷು, ತಂಗಿಗೆ ಬೇರೇನೋ,
ಅಜ್ಜನ ಅಜ್ಜ ಹಡಗಿನಲ್ಲಿ ತಂದ ಮಾತು.
ಜೇನಿನ ಬಾಟಲಿ ಹಿಡಿದು ಸುಮ್ಮನೆ ನಿಂತೆ.
ಉಮದಿಯ ಸಂತೆಯಲ್ಲಿ ನಮ್ಮವ್ವನೂ ಹಾಗೆಯೇ:
ಒಣದ್ರಾಕ್ಷಿಯ ದರ ಮರಾಠಿಯಲ್ಲಿ,
ದಲಾಲನಿಗೆ ಬೈಗುಳ ಕನ್ನಡದಲ್ಲಿ.
ಇದನ್ನು ವರ್ಗದಲ್ಲಿ ಹೇಳಲಿಲ್ಲ.

"ನೋಡೂದು ಏನಿತ್ರಿ?"
ಇಟ್ಟಿಗೆಯ ಓಣಿ. ನಮ್ಮ ಮಠದ ಗಲ್ಲಿಯಷ್ಟೇ ಇರುಕು,
ಇನ್ನೂರೈವತ್ತು ವರ್ಷದ ಮನೆಗಳು, ಒಳಗೆ ಇನ್ನೂ ಜನ.
ನಾವು ಫೋಟೋ ಹೊಡೆಯುವಾಗ
ಒಬ್ಬ ಮುದುಕಿ ಕಸದ ಡಬ್ಬಿ ಹೊರಗಿಟ್ಟು
ಯಾರನ್ನೂ ನೋಡದೆ ಕದ ಹಾಕಿಕೊಂಡಳು.

ಆಮೇಲೆ ಗಂಟೆ.
ಅದಕ್ಕಾಗಿಯೇ ಬರುತ್ತಾರೆ ಎಲ್ಲರೂ,
ಚೀಲ ತೆರೆದು ತೋರಿಸಿ, ಸಾಲಾಗಿ.
ಒಡೆದ ಗಂಟೆ. ಬಿರುಕಿನಲ್ಲಿ
ಅಮೋಘಿಯ ಕಿರುಬೆರಳು ಹೋದೀತು.
ಅದರ ಮೈಮೇಲೆ ಆ ರಾಜ್ಯದ ಹೆಸರಿದೆ,
ಈಗ ಎರಡು ಎನ್ ಬರೆಯುವಲ್ಲಿ ಒಂದೇ ಎನ್.
ಇಪ್ಪತ್ತಾರು ವರ್ಷ ಶುದ್ಧಬರಹ ತಿದ್ದಿದ ಕಣ್ಣು,
ಬಿರುಕಿಗಿಂತ ಮೊದಲು ಅದನ್ನೇ ಕಂಡಿತು.
ಕೈ ಕೆಂಪು ಪೆನ್ನು ಹುಡುಕಿತು.
ಕಾವಲಿನವಳು ನಕ್ಕಳು:
ಆಗ ಹಾಗೂ ಬರೆಯುತ್ತಿದ್ದರಂತೆ.

"ಬಾರಸ್ತಾರೇನ್ರಿ ಅದನ್ನ?"
ಇಲ್ಲ.
"ಮತ್ತ ಸಾಲಿ ಬಿಟ್ಟದ್ದು ಹೆಂಗ ತಿಳೀತದ?"
ಇದು ಅಮೋಘಿ. ನಮ್ಮ ಗಂಟೆಗೆ ಅವನೇ ಮಾಲೀಕ:
ಮಿರಜದ ಗುಜರಿಯಿಂದ ತಂದ ರೈಲುಹಳಿಯ ತುಂಡು,
ಬೇವಿನ ಟೊಂಗೆಗೆ ಸರಪಳಿ, ಬಾರಿಸಲು ಟ್ರ್ಯಾಕ್ಟರಿನ ಬೋಲ್ಟು.

ಬುಧವಾರ ಪೇಂಟರ್ ಬಬನ ಬಂದ.
ಹದಿನಾಲ್ಕು ವರ್ಷದ ಹಿಂದೆ ಬೋರ್ಡು ಬರೆದವನೂ ಅವನೇ,
ಅಕ್ಷರಮಾಲೆಯ ತಖ್ತೆಯಿಂದ ಒಂದೊಂದೇ ಆರಿಸಿ,
ತನ್ನ ಬಾಯಿಯ ಉಚ್ಚಾರಕ್ಕೆ ಹೊಂದಿಸಿ:
ಕನ್ನಡ ಪ್ರಾಥಮಿಕ ಶಾಳೆ.
ಆ ಒಂದು ಅಕ್ಷರಕ್ಕೆ ಜತ್ತದ ಕಚೇರಿಗೆ
ಎಷ್ಟು ಅರ್ಜಿ ಬರೆದಿದ್ದೆ ನಾನು.
ಈಗ ಮಕ್ಕಳು ಕೂಗುತ್ತಿದ್ದಾರೆ:
"ಇರ್ಲಿ ಬಿಡ್ರಿ ಬಾಯೋರ,
ಅಮೆರಿಕಾದವ್ರು ಇಟ್ಕೊಂಡಾರ, ನಾವೂ ಇಟ್ಕೊಳ್ಳೂಣು!"

ಏಣಿಯ ಮೇಲೆ ಬಬನ, ಕುಂಚ ಎತ್ತಿಕೊಂಡು.
ಕಾಯ್ ಕರೂ, ಬಾಯಿ?

ತಿದ್ದು ಅಂದೆ.
ನಮ್ಮ ತಪ್ಪು ನೋಡಲು ಯಾರೂ ಸಾಲು ನಿಲ್ಲುವುದಿಲ್ಲ.

ಒಂದು ಕೋಟು ಸಾಲಲಿಲ್ಲ.
ಹೊಸ ಲ-ದ ಅಡಿಯಿಂದ ಹಳೆಯ ಳ ಇಣುಕಿತು.
ನಾಳೆ ಇನ್ನೊಂದು ಹೊಡೆಯುತ್ತೇನೆಂದು
ಅವನು ತನ್ನ ಭಾಷೆಯಲ್ಲಿ ಹೇಳಿ, ಏಣಿ ಇಳಿದ.
ಅಷ್ಟರಲ್ಲಿ ಅಮೋಘಿ, ಗಡಿಯಾರ ನೋಡದೆ,
ಹತ್ತು ನಿಮಿಷ ಮುಂಚೆ ಹಳಿ ಬಾರಿಸಿದ.
ಎಲ್ಲರಿಗಿಂತ ಮೊದಲು ಗೇಟು ದಾಟಿದವನು ಲಾಯಪ್ಪ,
ಕಿವಿ ಹಿಡಿದುಕೊಂಡೇ.